ಮ್ಯಾಗ್ನೆಟ್ಟಿಗೆ ಸಿಗದ ಕಬ್ಬಿಣ

ಪ್ರಶ್ನೆ: ಸಿಮೆಂಟ್ ಕಾರ್ಖಾನೆಯ ಬೆಲ್ಟಿನ ಮೇಲೆ ತೂಗುಹಾಕಿದ ಮ್ಯಾಗ್ನೆಟ್ಟು ನಟ್ಟು-ಬೋಲ್ಟುಗಳನ್ನೆಲ್ಲ ಸೆಳೆದುಕೊಳ್ಳುತ್ತದೆ. ಕ್ರಷರಿನ ಹ್ಯಾಮರ್ ಚೂರು ಬಂದರೆ ಮಾತ್ರ ಬಿಟ್ಟುಬಿಡುತ್ತದೆ. ಅದೂ ಕಬ್ಬಿಣವೇ ಅಲ್ಲವೇ? (ಸೇಡಂನ ಓದುಗರು)

ಉತ್ತರ: ಕಬ್ಬಿಣವೇ, ಆದರೆ ಒಂಟಿ ಕಬ್ಬಿಣವಲ್ಲ. ಸೇಡಂ, ವಾಡಿ, ಚಿತ್ತಾಪುರದ ಕಡೆ ಸುಣ್ಣದ ಕಲ್ಲು ಒಡೆಯುವ ಹ್ಯಾಮರುಗಳನ್ನು ಹೆಚ್ಚಾಗಿ ಮ್ಯಾಂಗನೀಸ್ ಉಕ್ಕಿನಲ್ಲಿ ಎರಕ ಹೊಯ್ಯುತ್ತಾರೆ. ಅದರಲ್ಲಿ ಸುಮಾರು ಶೇ. 12ರಷ್ಟು ಮ್ಯಾಂಗನೀಸು, ಶೇ. 1ಕ್ಕಿಂತ ತುಸು ಹೆಚ್ಚು ಇಂಗಾಲ. 1882ರಲ್ಲಿ ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಈ ಉಕ್ಕಿನ ಸ್ವಭಾವವೇ ವಿಚಿತ್ರ: ಪೆಟ್ಟು ತಿಂದಷ್ಟೂ ಮೇಲ್ಮೈ ಗಟ್ಟಿಯಾಗುತ್ತದೆ. ಸವೆತಕ್ಕೆ ಜಗ್ಗುವುದಿಲ್ಲ, ಮ್ಯಾಗ್ನೆಟ್ಟಿಗೂ ಜಗ್ಗುವುದಿಲ್ಲ!

ಕಬ್ಬಿಣದ ಅಯಸ್ಕಾಂತ ಗುಣ ಅದರ ಪರಮಾಣುಗಳು ಜೋಡಿಸಿಕೊಂಡಿರುವ ರೀತಿಗೆ ಅಂಟಿಕೊಂಡಿದೆ. ಚೆನ್ನಾಗಿ ಕಾಯಿಸಿದಾಗ ಆ ಜೋಡಣೆ ಬದಲಾಗುತ್ತದೆ, ಆರಿದರೆ ಮೊದಲಿನಂತಾಗುತ್ತದೆ. ಮ್ಯಾಂಗನೀಸ್ ಬೆರೆಸಿ, ಕೆಂಪಗೆ ಕಾದಿದ್ದಾಗಲೇ ನೀರಿಗೆ ಅದ್ದಿದರೆ ಕಾದಾಗಿನ ಜೋಡಣೆಯೇ ಉಳಿದುಬಿಡುತ್ತದೆ. ಮನೆಯ ಎಷ್ಟೋ ಸ್ಟೀಲ್ ತಾಟುಗಳಿಗೆ ಮ್ಯಾಗ್ನೆಟ್ಟು ಅಂಟದಿರುವುದೂ ಇದೇ ಜೋಡಣೆಯಿಂದ. ಅಲ್ಲಿ ಆ ಕೆಲಸ ಮಾಡುವುದು ನಿಕ್ಕಲ್.

ಹಾಗಾಗಿಯೇ ಬೆಲ್ಟಿಗೆ ಮೆಟಲ್ ಡಿಟೆಕ್ಟರನ್ನೂ ಕೂರಿಸುತ್ತಾರೆ. ವಿದ್ಯುತ್ ಹರಿಯಬಲ್ಲ ಯಾವ ಲೋಹವಾದರೂ ಅದಕ್ಕೆ ಗೊತ್ತಾಗುತ್ತದೆ. ಅದು ಬೆಲ್ಟನ್ನು ನಿಲ್ಲಿಸಿದ ಮೇಲೆ ಚೂರನ್ನು ಕೈಯಿಂದಲೇ ಹೆಕ್ಕಬೇಕು.