ಸಸ್ಯಕ್ಷೇತ್ರದ ಹಳೆಯ ಕುಂಡಮಣ್ಣಿನ ಮರುಬಳಕೆ: ವಿಧಾನ ಮತ್ತು ಎಚ್ಚರಿಕೆ

ವನಮಹೋತ್ಸವದ ಸಸಿ ವಿತರಣೆ ಮುಗಿದ ನಂತರ ಪಂಚಾಯತಿಯ ಸಸ್ಯಕ್ಷೇತ್ರಗಳಲ್ಲಿ ಒಣಗಿದ, ಮೊಳೆಯದ ಹಾಗೂ ವಿತರಣೆಯಾಗದೆ ಉಳಿದ ಸಸಿಗಳ ಚೀಲಗಳು ರಾಶಿಯಾಗಿ ಬೀಳುವುದು ಸಾಮಾನ್ಯ. ಶಾಲೆ ಮತ್ತು ಅಂಗನವಾಡಿಗಳ ಕುಂಡಗಳ ಮಣ್ಣಿನ ಸ್ಥಿತಿಯೂ ಇದೇ ಆಗಿರುತ್ತದೆ. ಹಲವೆಡೆ ಈ ಮಣ್ಣನ್ನು ಚೀಲಸಮೇತ ಹಳ್ಳಕ್ಕೆ ಸುರಿದು, ಮರುವರ್ಷ ಕೆರೆಯಂಗಳದಿಂದಲೋ ಹೊಲದಿಂದಲೋ ಹೊಸ ಮಣ್ಣನ್ನು ಹಣ ಕೊಟ್ಟು ತರಿಸಲಾಗುತ್ತದೆ. ಫಲವತ್ತಾದ ಮೇಲ್ಮಣ್ಣು ಒಮ್ಮೆ ಹೋದರೆ ನಮ್ಮ ಜೀವಿತಾವಧಿಯಲ್ಲಿ ಮರಳಿ ಉಂಟಾಗುವಂಥದ್ದಲ್ಲ. ಆದುದರಿಂದ ಈ ವಿಷಯವು ಸದಸ್ಯರ ಗಮನಕ್ಕೆ ಅರ್ಹವಾಗಿದೆ.

ಪ್ರಮಾಣ ಎಷ್ಟು?

6 ಇಂಚು ಅಗಲ, 9 ಇಂಚು ಎತ್ತರದ ಒಂದು ಚೀಲದಲ್ಲಿ ಸುಮಾರು ಒಂದೂವರೆ ಲೀಟರ್ ಮಣ್ಣು ಹಿಡಿಯುತ್ತದೆ. ಅಂದರೆ 2,000 ಚೀಲಗಳ ಮಣ್ಣು 3 ಘನ ಮೀಟರ್, ಅರ್ಥಾತ್ ಸುಮಾರು 100 ಘನ ಅಡಿಯ ಒಂದು ಟ್ರ್ಯಾಕ್ಟರ್ ಲೋಡ್ ಆಗುತ್ತದೆ.

ಮಣ್ಣಿನಲ್ಲಿ ಉಳಿಯುವುದೇನು, ಕಳೆಯುವುದೇನು?

ಸಸಿ ಚೀಲಕ್ಕೆ ಸಾಮಾನ್ಯವಾಗಿ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ತುಂಬುತ್ತೇವೆ. ಇವುಗಳಲ್ಲಿ ಮಣ್ಣು ಮತ್ತು ಮರಳು ಖರ್ಚಾಗುವುದಿಲ್ಲ. ಖರ್ಚಾಗುವುದು ಗೊಬ್ಬರದ ಪಾಲು ಮಾತ್ರ. ಗೊಬ್ಬರ ಕರಗಿದಂತೆ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿ ಆಡುವುದು ಕಡಿಮೆಯಾಗುತ್ತದೆ. ಆದುದರಿಂದ ಮೂರು ಪಾಲು ಹಳೆಯ ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಸೇರಿಸಿದರೆ ಮೂಲ ಮಿಶ್ರಣವೇ ಮರಳಿ ದೊರೆಯುತ್ತದೆ. ಹಸಿ ಸಗಣಿಯನ್ನು ಸೇರಿಸಬಾರದು. ಅದು ಕಳಿಯುವಾಗ ಉಂಟಾಗುವ ಬಿಸಿ ಬೇರನ್ನು ಸುಡುತ್ತದೆ, ಗೊಣ್ಣೆಹುಳುವಿಗೂ ಅದು ಆಶ್ರಯವಾಗುತ್ತದೆ.

ಮೂರು ಅಪಾಯಗಳು

ಮೊದಲನೆಯದು ರೋಗ. ಎಳೆಯ ಸಸಿಯ ಬುಡ ಕೊಳೆಯಿಸುವ ಶಿಲೀಂಧ್ರಗಳು, ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಹಾಗೂ ಟೊಮೆಟೊ, ಬದನೆಗಳನ್ನು ಹಸಿರಾಗಿರುವಂತೆಯೇ ಬಾಡಿಸುವ ದುಂಡಾಣುಗಳು ಹಳೆಯ ಮಣ್ಣಿನಲ್ಲಿ ಉಳಿದಿರಬಹುದು. ಸಸಿಯನ್ನು ಕಿತ್ತು ಬೇರು ನೋಡಿದರೆ ಗಂಟುಗಳು ಕಣ್ಣಿಗೇ ಕಾಣುತ್ತವೆ. ಬಾಡಿದ ಟೊಮೆಟೊ ಗಿಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟಾಗ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಇಂತಹ ಮಣ್ಣನ್ನು ಕೈತೋಟಕ್ಕೂ ರೈತರ ಹೊಲಕ್ಕೂ ಒಯ್ಯಲೇಬಾರದು. ಒಂದು ಬುಟ್ಟಿ ಮಣ್ಣಿನ ಮೂಲಕ ಹೊಲ ಸೇರಿದ ಈ ರೋಗ ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ಪ್ರತ್ಯೇಕಿಸಿ, ಹೊಲದತ್ತ ನೀರು ಹರಿಯದ ಕಡೆ, ರಸ್ತೆಬದಿಯ ಹೊಂಗೆ ಅಥವಾ ಬೇವಿನ ಗುಂಡಿಗಷ್ಟೇ ಬಳಸಬೇಕು.

ಎರಡನೆಯದು ಲವಣ. ಕೊಳವೆಬಾವಿಯ ಗಡಸು ನೀರು ಮತ್ತು ರಾಸಾಯನಿಕ ಗೊಬ್ಬರದಿಂದ ಕುಂಡದ ಮೇಲ್ಭಾಗದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆ ಪದರವನ್ನು ಕೆರೆದು ತೆಗೆದು, ಉಳಿದ ಮಣ್ಣನ್ನು ಮಳೆಗೆ ಒಡ್ಡಿ ಅಥವಾ ಒಳ್ಳೆಯ ನೀರನ್ನು ಎರಡು ಮೂರು ಬಾರಿ ಹಾಯಿಸಿ ಲವಣವನ್ನು ಬಸಿಯಬೇಕು. ಸಂಶಯವಿದ್ದಲ್ಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸುವುದು ಸೂಕ್ತ.

ಮೂರನೆಯದು ಕಳೆ. ಪಾರ್ಥೇನಿಯಂ ಬೀಜ ಹಾಗೂ ಜೇಕಿನ ಗಡ್ಡೆಗಳು ಮಣ್ಣಿನಲ್ಲಿ ಅಡಗಿರುತ್ತವೆ. ಗಡ್ಡೆಗಳು ಬಿಸಿಲಿಗೂ ಸುಲಭವಾಗಿ ಸಾಯುವುದಿಲ್ಲ. ಜರಡಿ ಹಿಡಿಯುವಾಗ ಕೈಯಿಂದಲೇ ಆರಿಸಬೇಕು.

ಸೂರ್ಯನ ಶಾಖದಿಂದ ಶುದ್ಧೀಕರಣ

ಮಾರ್ಚ್‌ನಿಂದ ಮೇವರೆಗಿನ ಬಿಸಿಲು ನಮಗೆ ಖರ್ಚಿಲ್ಲದೆ ದೊರೆಯುವ ಸಾಧನ. ಚೀಲ ಬಿಡಿಸಿ, ಬೇರು, ಕಲ್ಲು, ಪ್ಲಾಸ್ಟಿಕ್ ಚೂರುಗಳನ್ನು ತೆಗೆದ ಮಣ್ಣನ್ನು ನೆರಳಿಲ್ಲದ ಸಮತಟ್ಟು ಜಾಗದಲ್ಲಿ 15 ಸೆಂ.ಮೀ. ದಪ್ಪಕ್ಕೆ ಹರಡಬೇಕು. 3 ಘನ ಮೀಟರ್ ಮಣ್ಣಿಗೆ 5 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗ ಸಾಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ನೀರು ತೊಟ್ಟಿಕ್ಕದಷ್ಟು ಹದಕ್ಕೆ ನೆನೆಸಬೇಕು. ತೇವವಿಲ್ಲದ ಮಣ್ಣಿನಲ್ಲಿ ಶಾಖ ಆಳಕ್ಕೆ ಇಳಿಯದು. ಅನಂತರ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆ ತಾನೇ ಶಾಖ ಹೀರಿಕೊಳ್ಳುವುದರಿಂದ ಅಷ್ಟು ಪರಿಣಾಮಕಾರಿಯಲ್ಲ.

ಈ ಶಾಖಕ್ಕೆ ಹಾನಿಕಾರಕ ಜೀವಿಗಳೊಡನೆ ಉಪಕಾರಿ ಜೀವಿಗಳೂ ಕಡಿಮೆಯಾಗುತ್ತವೆ. ಆದುದರಿಂದ 90 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 10 ಕೆ.ಜಿ. ಬೇವಿನ ಹಿಂಡಿ, 1ರಿಂದ 2 ಕೆ.ಜಿ. ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ 15 ದಿನ ತೇವವಾಗಿಟ್ಟು, ಹಾಳೆ ತೆಗೆದ ಮೇಲೆಯೇ ಮಣ್ಣಿಗೆ ಸೇರಿಸಬೇಕು. ಮೊದಲೇ ಸೇರಿಸಿದರೆ ಟ್ರೈಕೋಡರ್ಮಾ ಬಿಸಿಗೆ ನಾಶವಾಗಿ ವೆಚ್ಚ ವ್ಯರ್ಥವಾಗುತ್ತದೆ.

ಎಲ್ಲಿ ಬಳಸಬೇಕು?

ಸಿದ್ಧವಾದ ಮಣ್ಣನ್ನು ಶಾಲಾ ಪೌಷ್ಟಿಕ ಕೈತೋಟದ ಮಡಿಗಳಿಗೆ, ಗಿಡ ನೆಡುವ ಗುಂಡಿಗಳಿಗೆ ಹಾಗೂ ಮುಂದಿನ ವರ್ಷದ ಸಸಿ ಚೀಲಗಳಿಗೆ ಬಳಸಬಹುದು. ಬೀಜ ಮೊಳೆಯಿಸುವ ತಟ್ಟೆಗಳಿಗೆ ಮಾತ್ರ ಹೊಸ ಮಿಶ್ರಣವೇ ಇರಲಿ. ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಟುಂಬದ ಬೆಳೆಗಳು. ಅವು ಬೆಳೆದ ಮಣ್ಣಿನಲ್ಲಿ ಮುಂದಿನ ಬಾರಿ ಹುರುಳಿಕಾಯಿ, ಅಲಸಂದೆ ಅಥವಾ ಸೊಪ್ಪು ಬೆಳೆಯುವುದು ಕ್ಷೇಮ.

ಬಿಡಿಸಿದ ಚೀಲಗಳನ್ನು ಸುಡದೆ, ತೊಳೆದು ಒಣಗಿಸಿ ಸ್ವಚ್ಛ ಸಂಕೀರ್ಣಕ್ಕೆ ಒಪ್ಪಿಸತಕ್ಕದ್ದು.

ಸದಸ್ಯರಲ್ಲಿ ಕೋರಿಕೆ

ಫೆಬ್ರವರಿ ತಿಂಗಳ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ತಮ್ಮ ವಾರ್ಡಿನ ಸಸ್ಯಕ್ಷೇತ್ರ, ಶಾಲೆ ಹಾಗೂ ಅಂಗನವಾಡಿಗಳಲ್ಲಿ ಇರುವ ಹಳೆಯ ಮಣ್ಣಿನ ಪ್ರಮಾಣವನ್ನು ಪಟ್ಟಿ ಮಾಡಿಸುವುದು, ರೋಗಪೀಡಿತ ರಾಶಿಯನ್ನು ಬೇರ್ಪಡಿಸುವುದು ಮತ್ತು ಬಿಸಿಲಿಗೆ ಹರಡುವ ಸ್ಥಳವನ್ನು ಗುರುತಿಸುವುದು ಅಗತ್ಯ. ಸಸ್ಯಕ್ಷೇತ್ರ ನಡೆಸುವ ಸ್ವಸಹಾಯ ಸಂಘದ ಮಹಿಳೆಯರು ಈ ಕೆಲಸದಲ್ಲಿ ಅನುಭವವುಳ್ಳವರು; ಅವರ ಅಭಿಪ್ರಾಯವನ್ನು ಪಡೆದೇ ಮುಂದುವರಿಯುವುದು ಉಚಿತ. ಮಾರ್ಚ್ ಮಧ್ಯದೊಳಗೆ ಹಾಳೆ ಹೊದಿಸಿದರೆ ಜೂನ್ ತಿಂಗಳ ಮೊದಲ ಮಳೆಯ ವೇಳೆಗೆ ಮಣ್ಣು ಸಿದ್ಧವಾಗಿರುತ್ತದೆ. ಹೊಸ ಮಣ್ಣಿಗಾಗಿ ಸಿದ್ಧಪಡಿಸುವ ಅಂದಾಜು ಪಟ್ಟಿಯಲ್ಲಿ ಅಷ್ಟು ಪ್ರಮಾಣವನ್ನು ಕಡಿತಗೊಳಿಸಬಹುದು.