ಅಟ್ಟ, ಟ್ರಂಕು ಮತ್ತು ಊರಿಗೆ ಬಂದ ಮಕ್ಕಳು

ಕೊಪ್ಪಳ ತಾಲ್ಲೂಕಿನ ಅಳವಂಡಿ ಸೀಮೆಯಲ್ಲಿ ಮನೆಯನ್ನು ಪೂರಾ ಹಸನು ಮಾಡುವುದಕ್ಕೆ ಮಹಾನವಮಿಯೇ ಗಡುವು. ಹಬ್ಬ ಕೂಡುವ ಮುನ್ನ ಕೌದಿ, ಹಾಸಿಗೆ, ಜಮಖಾನೆಗಳನ್ನೆಲ್ಲ ಒಗೆದು ಒಣಗಿಸಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಹಿತ್ತಾಳೆ ಬೆಳಗಬೇಕು. ಆದರೆ ಇದರಲ್ಲಿ ತೊಳೆಯುವುದಿದೆಯೇ ಹೊರತು ತೆಗೆದುಹಾಕುವುದಿಲ್ಲ. ತೊಳೆದ ಸಾಮಾನು ತಿರುಗಿ ಅದೇ ಅಟ್ಟಕ್ಕೇ ಏರುತ್ತದೆ. ರಾಶಿ ಕರಗುವುದೇನಿದ್ದರೂ ಬೆಂಗಳೂರು, ಹುಬ್ಬಳ್ಳಿ ಸೇರಿದ ಮಗ ರಜೆಗೆ ಬಂದಾಗ, ಇಲ್ಲವೇ ಲಗ್ನವಾದ ಮಗಳು ಪಂಚಮಿಗೆ ತವರಿಗೆ ಬಂದಾಗ.

ಸಾಮಾನು ಇಷ್ಟು ಕೂಡಿಬೀಳಲು ಹಿರಿಯರ ಜಿಪುಣತನ ಕಾರಣವಲ್ಲ. ಮಳೆ ನಂಬಿದ ಒಣಬೇಸಾಯದಲ್ಲಿ ಒಂದು ವರ್ಷ ಜೋಳ, ಕಡಲೆ ಕೈತುಂಬ ಬಂದರೆ ಮರುವರ್ಷ ಬಿತ್ತಿದ ಬೀಜವೂ ಮರಳದು. ಇಟ್ಟುಕೊಂಡವರು ಉಳಿದರು. ಮಾಳಿಗೆ ಮನೆಗಳನ್ನು ಕಟ್ಟಿದ್ದೇ ಆ ಲೆಕ್ಕದಲ್ಲಿ: ಕಾಳಿಗೆ ನೆಲದೊಳಗೆ ಹಗೇವು, ಬೆಣ್ಣೆ-ಮೊಸರಿಗೆ ನೆಲುವು, ಬಟ್ಟೆ-ಕಾಗದಕ್ಕೆ ಟ್ರಂಕು. ಈಗ ಕಾಳು ಕಣದಿಂದ ನೇರ ಮಾರುಕಟ್ಟೆಗೆ ಹೋಗುತ್ತದೆ. ಮನೆಯಲ್ಲಿ ಉಳಿದದ್ದು ಖಾಲಿ ಡಬ್ಬಿ, ಖಾಲಿ ಚೀಲ, ಮದುವೆಗಳಲ್ಲಿ ಆಯೇರಿಯಾಗಿ ಬಂದ ಸ್ಟೀಲ್ ಪಾತ್ರೆ.

ಹಳೆಯ ಮನೆಗೆ ಕಸ ಕಳೆಯುವ ದಾರಿ ಗೊತ್ತಿರಲಿಲ್ಲ ಎಂದಲ್ಲ. ಸವೆದ ಸೀರೆ ಕೌದಿಯಾಗುತ್ತಿತ್ತು. ಸಗಣಿ, ಬೂದಿ ತಿಪ್ಪೆಗೆ ಬಿದ್ದು ಹೊಲಕ್ಕೆ ಹೋಗುತ್ತಿದ್ದವು. ಬಾಚಿದಾಗ ಉದುರಿದ ಕೂದಲಿಗೂ ಗಿರಾಕಿ ಉಂಟು. ಅದನ್ನು ಉಂಡೆ ಮಾಡಿಟ್ಟು, ಓಣಿಗೆ ಬಂದ ವ್ಯಾಪಾರಿಗೆ ಕೊಟ್ಟು ಪಿನ್ನೋ ಪಾತ್ರೆಯೋ ಪಡೆಯುತ್ತಾರೆ. ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲು ಸಂಸ್ಕರಣೆಗೇ ಹೆಸರಾದ ಊರು. ದಾರಿ ಕಾಣದೆ ಮನೆಯಲ್ಲೇ ಕುಳಿತಿರುವುದು ಹೊಸ ಸಾಮಾನು: ಮುರಿದ ಪ್ಲಾಸ್ಟಿಕ್ ಕುರ್ಚಿ, ಕೆಟ್ಟ ಚಾರ್ಜರ್, ಗೊಬ್ಬರದ ಚೀಲ, ಅವಧಿ ಮೀರಿದ ಗುಳಿಗೆ, ಹೊಲಕ್ಕೆ ಹೊಡೆದ ಎಣ್ಣೆಯ ಬಾಟಲಿ. ಕೊನೆಯದಂತೂ ಅಪಾಯದ್ದು. ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ನೀರಿಗೆ, ಅಡುಗೆ ಎಣ್ಣೆಗೆ ಬಳಸಬಾರದು. ತೂತು ಮಾಡಿ ಕೆಡಿಸಿಬಿಡುವುದೇ ಸರಿ.

ಮಕ್ಕಳು ಕೆಲಸ ಆರಂಭಿಸಬೇಕಾದದ್ದು ಇಂಥವುಗಳಿಂದ. ಟ್ರಂಕಿನಿಂದಲೂ ಅಲ್ಲ, ದೇವರ ಕೋಣೆಯಿಂದಲೂ ಅಲ್ಲ. ಅಟ್ಟ ಹತ್ತುವುದು, ಭಾರ ಇಳಿಸುವುದು, ಗುಜರಿಯವನ ತಕ್ಕಡಿಯ ಮೇಲೆ ಕಣ್ಣಿಡುವುದು ಅವರ ಪಾಲು. ಯಾವುದು ಹೋಗಬೇಕು ಎಂಬ ಮಾತು ಮಾತ್ರ ಹಿರಿಯರದು. ಅವ್ವ ಹೊಲಕ್ಕೆ ಹೋದಾಗ ಮನೆ ಖಾಲಿ ಮಾಡಿದ ಮಗನಿಗೆ ಮುಂದಿನ ಸಲ ಕೀಲಿ ಸಿಗುವುದಿಲ್ಲ, ಸಿಗಲೂಬಾರದು. ಕೇಳುವ ಬಗೆಯಲ್ಲೂ ಫರಕಿದೆ. 'ಯವ್ವಾ, ಇದು ಬೇಕೇನು?' ಎಂದರೆ 'ಇರಲಿ ಬಿಡು' ಎಂಬುದೇ ಉತ್ತರ. 'ಇದನ್ನ ಯಾರಿಗೆ ಕೊಡೂಣು?' ಎಂದರೆ ಸೊಸೆ, ನಾದಿನಿ, ಆಳುಮಗನ ಹೆಸರು ತಾನಾಗಿ ಬರುತ್ತದೆ. ಸ್ವೀಡನ್ನಿನ ಮಾರ್ಗರೆಟಾ ಮ್ಯಾಗ್ನುಸನ್ 2017ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ವಯಸ್ಸಾದವರು ತಾವಿರುವಾಗಲೇ ಸಾಮಾನು ಹಂಚಿಬಿಟ್ಟರೆ ಮಕ್ಕಳಿಗೆ ಹೊರೆಯಾಗದು ಎಂದು ವಿವರಿಸಿದ್ದಾರೆ. ಅಲ್ಲಿ ಹಿರಿಯರು ಒಬ್ಬರೇ ಮಾಡುವುದನ್ನು ಇಲ್ಲಿ ಹಿರಿಯರು, ಮಕ್ಕಳು ಇಬ್ಬರೂ ಕುಳಿತು ಮಾಡಬಹುದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವುದು ಕಾಗದ. 1948ರ ಸೆಪ್ಟೆಂಬರ್‌ವರೆಗೆ ಕೊಪ್ಪಳ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಹಾಗಾಗಿ ಅಜ್ಜನ ಕಾಲದ ಜಮೀನಿನ ಪತ್ರ ಇಂದಿನ ಮಕ್ಕಳ ಕಣ್ಣಿಗೆ ಬರೀ ಗೀಚಿದ ಹಾಳೆ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗುವ ಮುಂಚಿನ ದಾಖಲೆಗಳಲ್ಲಿ ರಾಯಚೂರು ಜಿಲ್ಲೆ ಎಂದಿರುತ್ತದೆ. ಅದನ್ನು ಕಂಡು ಬೇರೆಯವರ ಕಾಗದ ಎಂದುಕೊಳ್ಳಬಾರದು. ಅಪ್ಪನ ಶಾಲೆಯ ಟಿ.ಸಿ.ಯನ್ನೂ ಎಸೆಯಬಾರದು. ಸಂವಿಧಾನದ 371-ಜೆ ವಿಧಿಯಡಿ 2013ರಲ್ಲಿ ಈ ಭಾಗದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿ ಬಂದಾಗ, ಸ್ಥಳೀಯರೆಂದು ತೋರಿಸಲು ಇಂಥ ಹಳೆಯ ದಾಖಲೆಗಳಿಗೇ ಬೆಲೆ ಬಂತು.

ಪಹಣಿ ಗಣಕೀಕರಣವಾಗಿರುವುದರಿಂದ ಈಚಿನ ವರ್ಷಗಳ ಹೆಚ್ಚುವರಿ ಪ್ರತಿ, ತೀರಿದ ಸಾಲದ ನೋಟಿಸು, ಕಟ್ಟಿದ ಕರೆಂಟ್ ಬಿಲ್ಲುಗಳನ್ನು ಧೈರ್ಯವಾಗಿ ತೆಗೆಯಬಹುದು. ಸಾಲ ತೀರಿದ ಬಗ್ಗೆ ಬ್ಯಾಂಕು ಕೊಟ್ಟ ಚೀಟಿ ಮಾತ್ರ ಇರಲಿ. ನೋಂದಣಿಯಾದ ಖರೀದಿ ಪತ್ರ ಕಳೆದರೂ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಪಡೆಯಬಹುದು. ಆದರೆ ಅಣ್ಣತಮ್ಮಂದಿರು ಮನೆಯಲ್ಲೇ ಬರೆದುಕೊಂಡ ವಾಟ್ನಿ (ಆಸ್ತಿ ಪಾಲಿನ) ಕಾಗದಕ್ಕೆ ಎರಡನೆಯ ಪ್ರತಿ ಇರುವುದು ಅಪರೂಪ. ಉಳಿಸಿದ್ದರ ಫೋಟೊ ತೆಗೆದು, ಗೆದ್ದಲು ಹತ್ತದ ಡಬ್ಬಿಯಲ್ಲಿಟ್ಟು, ಯಾವ ಕಾಗದ ಯಾವುದಕ್ಕೆ ಎಂದು ಹಿರಿಯರು ಹೇಳಿದ ಹಾಗೆ ಚೀಟಿ ಬರೆದಂಟಿಸಿದರೆ ಅರ್ಧ ಕೆಲಸ ಮುಗಿದಂತೆ. ಓದಲು ಬಾರದ ಹಾಳೆ ಕೈಗೆ ಬಂದರೆ ಒಲೆಗೆ ಹಾಕುವ ಮುನ್ನ ಊರಿನಲ್ಲಿ ಉರ್ದು ಬಲ್ಲ ಹಿರಿಯರಿಗೆ ಒಮ್ಮೆ ತೋರಿಸಿ.