ಕೆಳಗಿನ ಸಾಲಿನ ಆಟ

ಸೀಗಿ ಹುಣ್ಣಿಮೆಯ ಮರುದಿನ, 2022ರ ಅಕ್ಟೋಬರ್ 10. ಪಹಣಿ ತೆಗೆಸಲೆಂದು ಶಹಾಪುರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆಯ ಆನ್‌ಲೈನ್ ಸೆಂಟರ್: ಒಂದು ಝೆರಾಕ್ಸ್ ಮಷಿನ್, ಎರಡು ಕಂಪ್ಯೂಟರ್, ಲ್ಯಾಮಿನೇಶನ್ನಿನ ಬಿಸಿ ಪ್ಲಾಸ್ಟಿಕ್ ವಾಸನೆ, ಬಾಗಿಲಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಕಾದು ನಿಂತ ಏಳೆಂಟು ಮಂದಿ. ಒಂದು ಪರದೆ ಮಂದಿಯ ಕಡೆ ತಿರುಗಿತ್ತು, ಇನ್ನೊಂದು ಅಂಗಡಿಯ ಹುಡುಗನ ಕಡೆ. ಅವನ ಪರದೆಯಲ್ಲಿ ಹಸಿರು ಕಾಡು, ಕಾಡಿನೊಳಗೆ ಮಿಂಚು, ಬೆಂಕಿ, ಕೋಡು ಮೂಡಿದ ಏನೇನೋ ಪ್ರಾಣಿ. ಕೀಬೋರ್ಡಿನ ಪಕ್ಕ, ಹಾಳಾದ ಪ್ರಿಂಟಿನ ಹಿಂಬದಿಯಲ್ಲಿ, ಬಾಲ್ ಪೆನ್ನಿನಿಂದ ಗೀಚಿದ ಕವಲುಕವಲಿನ ಚಿತ್ರ. ಕವಲಿಗೊಂದು ಹೆಸರು.

“ಏನಪಾ ಇದು, ಯಾರ ವಂಶಾವಳಿ?”

“ವಂಶಾವಳಿ ಅಲ್ರಿ ಕಾಕಾ, ಬ್ರ್ಯಾಕೆಟ್. ಇದು ಮ್ಯಾಲಿನ ಸಾಲು, ಇದು ಕೆಳಗಿನ ಸಾಲು. ಮ್ಯಾಲೆ ಸೋತವ್ರು ಕೆಳಗ ಬೀಳ್ತಾರ. ಕೆಳಗ ಸೋತವ್ರು ಮನಿಗೆ ಹೋಗ್ತಾರ.”

ವಂಶಾವಳಿಯಲ್ಲಿ ಒಬ್ಬ ಮುತ್ತಜ್ಜನಿಂದ ಹೊರಟು ಇಪ್ಪತ್ತು ಮಂದಿ ವಾರಸುದಾರರು ಆಗುತ್ತಾರೆ, ಆಮೇಲೆ ಹೊಲಕ್ಕೆ ಜಗಳ. ಇದು ಅದರ ತಿರುವುಮುರುವು. ಜಗಳದಿಂದ ಶುರುವಾಗಿ ಒಬ್ಬನಲ್ಲಿ ಮುಗಿಯುತ್ತದೆ.

ಪಹಣಿಯ ಸರ್ವರ್ ಅಂದು ಏಳಲೇ ಇಲ್ಲ. ನಮ್ಮದೇ ಊರಿನ ಹೊಲದ ಕಾಗದ ಬರಲೊಲ್ಲದು, ಸಿಂಗಪುರದ ಆಟ ಮಾತ್ರ ತಡೆಯಿಲ್ಲದೆ ಓಡುತ್ತಿದೆ. ಒಂದೂವರೆ ತಾಸು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆ ಒಂದೂವರೆ ತಾಸು ನನಗೆ ಹಚ್ಚಿದ ಚಟ ಇನ್ನೂ ಬಿಟ್ಟಿಲ್ಲ. ಫೈನಲ್ ನೋಡುವ ಚಟವಲ್ಲ, ಅರ್ಹತಾ ಸುತ್ತುಗಳನ್ನು ಹಿಂಬಾಲಿಸುವ ಚಟ.

ಆಟದ ಹೆಸರು ಡೋಟಾ 2. ಆ ಕಡೆ ಐದು ಮಂದಿ, ಈ ಕಡೆ ಐದು. ನಡುವೆ ಮೂರು ದಾರಿ, ಒಂದು ಹೊಳೆ, ಉಳಿದದ್ದು ಕಾಡು. ಎದುರಾಳಿಯ ನೆಲೆಯೊಳಗಿನ ಮೂಲ ಕಟ್ಟಡವನ್ನು ಕೆಡವಿದವರಿಗೆ ಗೆಲುವು. ಆದರೆ ನಿಜವಾದ ಜಟಾಪಟಿ ಆಟಕ್ಕೆ ಮೊದಲೇ ನಡೆದುಹೋಗುತ್ತದೆ. ನೂರಿಪ್ಪತ್ತಕ್ಕೂ ಹೆಚ್ಚು ವೀರರಿದ್ದಾರೆ. ಅದರಲ್ಲಿ ತಾನು ಯಾರನ್ನು ಆರಿಸಿಕೊಳ್ಳಬೇಕು, ಎದುರಾಳಿಗೆ ಯಾರು ಸಿಗದಂತೆ ಮಾಡಬೇಕು ಎಂದು ಎರಡೂ ತಂಡ ಸರದಿಯಂತೆ ಚೌಕಾಸಿ ಮಾಡುತ್ತವೆ. ಬೀಗರ ಮಾತುಕತೆಯಂತೆಯೇ: ಏನು ಕೇಳಬೇಕು ಎನ್ನುವುದಕ್ಕಿಂತ ಅವರು ಏನನ್ನು ಕೇಳದಂತೆ ನೋಡಿಕೊಳ್ಳಬೇಕು ಎನ್ನುವುದೇ ಮುಖ್ಯ. ಗುಡಿ ಕಟ್ಟೆಯ ಮೇಲೆ ಹುಲಿಮನೆ ಆಡಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಕುರಿಗಳು ಒಂದೊಂದಾಗಿ ಹೋದರೂ ಚಿಂತೆಯಿಲ್ಲ, ಹುಲಿ ಕದಲದಂತೆ ದಾರಿ ಕಟ್ಟಿದರಾಯಿತು.

ಈ ಆಟದ ದೊಡ್ಡ ಜಾತ್ರೆಗೆ ‘ದಿ ಇಂಟರ್‌ನ್ಯಾಷನಲ್’ ಎಂದು ಹೆಸರು. ಮೊದಲನೆಯದು 2011ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಡೆಯಿತು. ಹತ್ತು ವರ್ಷದಲ್ಲಿ ಒಟ್ಟು ಬಹುಮಾನ 4 ಕೋಟಿ ಡಾಲರ್ ದಾಟಿತು. 2022ರದ್ದು ಸಿಂಗಪುರದಲ್ಲಿ, 20 ತಂಡಗಳು. ವರ್ಷಪೂರ್ತಿ ಲೀಗಿನಲ್ಲಿ ಗಳಿಸಿದ ಅಂಕದ ಮೇಲೆ 12 ತಂಡ ನೇರ ಒಳಗೆ ಬಂದವು. ಆರು ವಲಯಗಳ ಅರ್ಹತಾ ಸುತ್ತು ಗೆದ್ದ ಆರು ತಂಡ ಬಂದವು. ಉಳಿದ ಎರಡು ಕುರ್ಚಿಗೆ, ಆ ಆರು ವಲಯಗಳಲ್ಲಿ ಎರಡನೆಯ ಮತ್ತು ಮೂರನೆಯ ಸ್ಥಾನಕ್ಕೆ ಬಿದ್ದ 12 ತಂಡಗಳನ್ನು ಕರೆದು ‘ಕೊನೆಯ ಅವಕಾಶದ ಸುತ್ತು’ ಏರ್ಪಡಿಸಿದರು. ಅಕ್ಟೋಬರ್ 8ರಿಂದ 12ರವರೆಗೆ. ಹುಡುಗ ಗೀಚಿಕೊಂಡಿದ್ದದ್ದು ಅದೇ ಹನ್ನೆರಡು ಹೆಸರು.

“ಎಲ್ಲಾರೂ ಫೈನಲ್ ನೋಡ್ತಾರ್ರಿ. ಫೈನಲ್‌ನ್ಯಾಗ ಏನದ? ಸೋತ್ರೂ ರೊಕ್ಕ, ಗೆದ್ರೂ ರೊಕ್ಕ. ಇಲ್ಲಿ ಸೋತ್ರ ಬ್ಯಾಗ್ ತುಂಬ್ಕೊಂಡು ಹೋಗೋದ.”

ಇದನ್ನು ಯಾದಗಿರಿ ಜಿಲ್ಲೆಯ ಹುಡುಗನ ಬಾಯಲ್ಲಿ ಕೇಳಿದ್ದಕ್ಕೋ ಏನೋ, ಮಾತು ತಾಗಿತು. 2010ರಲ್ಲಿ ಅಂದಿನ ಗುಲಬರ್ಗಾದಿಂದ ಬೇರೆಯಾಗಿ ರಾಜ್ಯದ 30ನೇ ಜಿಲ್ಲೆಯಾದೆವು. ಫಲಿತಾಂಶದ ದಿನ ಪತ್ರಿಕೆಯ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವ ರೂಢಿ ನಮ್ಮದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 50.59, ಕೊನೆಯ ಸ್ಥಾನ. 2025ರ ದ್ವಿತೀಯ ಪಿಯುಸಿಯಲ್ಲಿ ಶೇ 48.45, ಮತ್ತೆ ಕೊನೆಯ ಸ್ಥಾನ. ಎರಡೂ ಸಲ ಮೇಲಿನ ತುದಿಯಲ್ಲಿ ಉಡುಪಿ. ಉಡುಪಿಯವರು ಪಟ್ಟಿಯ ಮೊದಲ ಸಾಲು ನೋಡಿ ಪತ್ರಿಕೆ ಮಡಚಿಡಬಹುದು. ನಮಗೆ ಕೆಳಗಿನಿಂದ ಎರಡನೆಯವರು ಯಾರು, ನಮಗೂ ಅವರಿಗೂ ಎಷ್ಟು ಅಂತರ, ಮುಂದಿನ ವರ್ಷ ದಾಟಬಹುದೇ ಎಂಬ ಲೆಕ್ಕ. ಅರ್ಹತಾ ಸುತ್ತಿನ ಅಂಕಪಟ್ಟಿ ಓದುವುದಕ್ಕೂ ಇದೇ ಕಣ್ಣು ಬೇಕು.

ಇನ್ನೊಂದು ವಿಷಯವನ್ನು ಆ ಅಂಗಡಿ ತಾನಾಗಿ ಕಲಿಸಿತು. ಹುಡುಗ ದಿನಕ್ಕೆ ಎಷ್ಟೋ ಸಲ 371 ಜೆ ಅರ್ಹತಾ ಪ್ರಮಾಣಪತ್ರದ ಅರ್ಜಿ ತುಂಬುತ್ತಾನೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಆ ವಿಧಿ ನಮ್ಮ ಭಾಗದವರಿಗೆ ಓದು ಮತ್ತು ನೌಕರಿಯಲ್ಲಿ ಒಂದಿಷ್ಟು ಕುರ್ಚಿ ಕಾದಿರಿಸುತ್ತದೆ. ಡೋಟಾದ ಲೀಗಿನಲ್ಲೂ ವಲಯವಾರು ಕುರ್ಚಿಗಳಿದ್ದವು: ಪಶ್ಚಿಮ ಯುರೋಪು, ಪೂರ್ವ ಯುರೋಪು, ಉತ್ತರ ಅಮೆರಿಕ, ದಕ್ಷಿಣ ಅಮೆರಿಕ, ಚೀನಾ, ಆಗ್ನೇಯ ಏಷ್ಯಾ. ಭಾರತ? ಆಗ್ನೇಯ ಏಷ್ಯಾದ ಬಾಲಕ್ಕೆ ಕಟ್ಟಿದ ಬುತ್ತಿ. “ನಮ್ಮವ್ರು ಬೆಂಗಳೂರಾಗ ಕುಂತ್ರೂ ಸಿಂಗಪುರದ ಸರ್ವರ್‌ನ್ಯಾಗ ಫಿಲಿಪೀನ್ಸ್‌ದವ್ರ ಜೋಡಿ ಗುದ್ದಾಡ್ಬೇಕ್ರಿ. ನಮಗ 371 ಜೆ ಇಲ್ಲ” ಎಂದ. ಅದೇ ವರ್ಷ ಪಶ್ಚಿಮ ಯುರೋಪಿನ ಅರ್ಹತಾ ಸುತ್ತು ಗೆದ್ದ ಎಂಟಿಟಿ ತಂಡದ ಸಂಸ್ಥೆ ಹುಟ್ಟಿದ್ದು ಭಾರತದಲ್ಲಿ. ಆಟಗಾರರು ಮಾತ್ರ ಯುರೋಪಿನವರು. ನಾಮಫಲಕ ನಮ್ಮದು, ಸಂಸಾರ ಅವರದು.

ಸರ್ವರ್ ದೂರವಿದ್ದರೆ ಏನು ನಷ್ಟ ಎಂದು ಕೇಳಬಹುದು. ಮೌಸ್ ಒತ್ತಿದ್ದು ಸಮುದ್ರದಡಿಯ ಕೇಬಲ್ ಹಿಡಿದು ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಉತ್ತರ ತಂದು ಪರದೆಯ ಮೇಲೆ ಕಾಣಬೇಕು. ಈ ಹೋಗಿಬರುವ ಹೊತ್ತಿಗೆ ಆಟಗಾರರು ‘ಪಿಂಗ್’ ಎನ್ನುತ್ತಾರೆ. ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಕಬಡ್ಡಿಯಲ್ಲಿ ರೈಡರ್ ಗೆರೆ ಮುಟ್ಟಿದ ಮೇಲೆ ನೀವು ಅವನ ಕಾಲಿಗೆ ಕೈ ಹಾಕಿದಂತೆ. ಹಿಡಿದದ್ದು ನಿಜ, ಅಂಕ ಹೋಗಿರುತ್ತದೆ. ಯಾದಗಿರಿಯ ಕಡೆ ಇದಕ್ಕೆ ಕರೆಂಟಿನ ಲಹರಿಯನ್ನೂ ಕೂಡಿಸಿಕೊಳ್ಳಬೇಕು. ಮೇ ತಿಂಗಳ ಮಧ್ಯಾಹ್ನ ಇನ್ವರ್ಟರ್ ಮೇಲೆ ಕಂಪ್ಯೂಟರ್ ಇಡಬೇಕೋ ಫ್ಯಾನ್ ಇಡಬೇಕೋ ಎಂಬುದೂ ತಂತ್ರಗಾರಿಕೆಯ ಪ್ರಶ್ನೆಯೇ.

ಆದ್ದರಿಂದಲೇ ಇಲ್ಲಿ ಡೋಟಾ ಆಡುವವರಿಗಿಂತ ಹಿಂಬಾಲಿಸುವವರು ಹೆಚ್ಚು. ಹುಡುಗರ ಕೈಯಲ್ಲಿರುವುದು ಮೊಬೈಲು, ಅದರಲ್ಲಿ ಬಿಜಿಎಂಐ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದ ಮೇಲೆ 2021ರ ಜುಲೈಯಲ್ಲಿ ಬಂದು, 2022ರ ಜುಲೈಯಲ್ಲಿ ಆ್ಯಪ್ ಅಂಗಡಿಗಳಿಂದ ಮಾಯವಾಗಿ, 2023ರ ಮೇಯಲ್ಲಿ ಮರಳಿದ ಆಟ ಅದು. ವರ್ಷವಿಡೀ ಕಸರತ್ತು ಮಾಡಿ ಅರ್ಹತಾ ಸುತ್ತಿಗೆ ಕೂತ ಹುಡುಗನ ಕೈಯಿಂದ ಆಟವೇ ಜಾರಿಹೋದರೆ ಯಾರನ್ನು ಕೇಳುವುದು?

ನನ್ನದಂತೂ ಬಸ್ಸಿನ ಹಿಂಬಾಲಿಕೆ. ಯಾದಗಿರಿಯಿಂದ ಭೀಮೆ ದಾಟಿ ಶಹಾಪುರ, ಅಲ್ಲಿಂದ ಸುರಪುರ. ವಾರದಲ್ಲಿ ಎರಡು ಸಲ ಈ ದಾರಿ. ವಿಡಿಯೊ ಓಡುವಷ್ಟು ಸಿಗ್ನಲ್ ಎಲ್ಲಾ ಕಡೆ ಇಲ್ಲ, ಅಂಕದ ಪುಟ ಮಾತ್ರ ತೆರೆದುಕೊಳ್ಳುತ್ತದೆ. ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯ 1–1ಕ್ಕೆ ನಿಂತಾಗ ಬಸ್ಸು ಭತ್ತದ ಗದ್ದೆಗಳ ನಡುವೆ ಹೋಗುತ್ತಿರುತ್ತದೆ, ಪುಟದ ಮೇಲೆ ಚಕ್ರ ತಿರುಗುತ್ತಿರುತ್ತದೆ. ಹಿಂದೆ ರೇಡಿಯೊದಲ್ಲಿ ಕಾಮೆಂಟರಿ ಕೇಳುವಾಗ ಬ್ಯಾಟರಿ ಇಳಿದು ಗುಂಡಪ್ಪ ವಿಶ್ವನಾಥ್ ಔಟಾದರೋ ಇಲ್ಲವೋ ತಿಳಿಯದೆ ಒದ್ದಾಡಿದ್ದು ನೆನಪಾಗುತ್ತದೆ. ಪೂರ್ತಿ ಕಾಣದಿದ್ದರೇನೇ ಹಿಂಬಾಲಿಕೆಗೆ ರುಚಿ. ಇದು ನನ್ನ ಅಭಿಪ್ರಾಯ, ಹುಡುಗ ಒಪ್ಪುವುದಿಲ್ಲ.

ಅರ್ಹತಾ ಸುತ್ತಿನ ಕಥೆಗಳಲ್ಲಿ ಅವನಿಗೆ ಬಾಯಿಪಾಠವಾದದ್ದು 2018ರ ಓಜಿ ತಂಡದ್ದು. ಟೂರ್ನಿ ಹತ್ತಿರ ಬಂದಾಗ ತಂಡ ಒಡೆಯಿತು, ನಾಯಕನೇ ಬಿಟ್ಟು ಬೇರೆ ತಂಡ ಸೇರಿದ. ಉಳಿದವರು ತರಬೇತುದಾರನನ್ನೇ ಆಟಕ್ಕಿಳಿಸಿ, ದೊಡ್ಡ ವೇದಿಕೆಯನ್ನೇ ಕಾಣದ 20ರ ಫಿನ್ಲೆಂಡಿನ ಹುಡುಗ ಟಾಪ್ಸನ್‌ನನ್ನು ಕೂಡಿಸಿಕೊಂಡರು. ನೇರ ಪ್ರವೇಶ ತಪ್ಪಿತ್ತು. ಜೂನ್‌ನಲ್ಲಿ ಮುಕ್ತ ಅರ್ಹತಾ ಸುತ್ತಿನಿಂದ ಶುರು ಮಾಡಬೇಕಾಯಿತು. ಮುಕ್ತ ಸುತ್ತೆಂದರೆ ನಾಲ್ಕು ಗೆಳೆಯರನ್ನು ಕೂಡಿಸಿಕೊಂಡು ಯಾರೂ ಹೆಸರು ಬರೆಸಬಹುದಾದದ್ದು. ನಮ್ಮಲ್ಲಿ ಮಿರಗದ ಮಳೆಗೆ ತೊಗರಿ ಬಿತ್ತುವ ಹೊತ್ತಿಗೆ ಅವರು ಅಲ್ಲಿ ಹೊಸಬರ ಜೊತೆ ಸೆಣಸುತ್ತಿದ್ದರು. ಆಗಸ್ಟ್ ಕೊನೆಗೆ ವ್ಯಾಂಕೂವರ್‌ನಲ್ಲಿ ಚೀನಾದ ತಂಡವನ್ನು 3–2ರಿಂದ ಸೋಲಿಸಿ 1.12 ಕೋಟಿ ಡಾಲರ್ ಎತ್ತಿಕೊಂಡರು. ಮರುವರ್ಷ ಶಾಂಘೈನಲ್ಲೂ ಅವರದೇ ಗೆಲುವು.

ನನಗೆ ಹಿಡಿಸಿದ್ದು ಕೊರಿಯಾದ ಕಥೆ. ಅಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಯುದ್ಧತಂತ್ರದ ಆಟದ ಲೀಗಿಗೆ ಅರ್ಹತಾ ಸುತ್ತು ನಡೆಯುತ್ತಿದ್ದದ್ದು ಪೀಸಿ ಬಾಂಗ್‌ಗಳಲ್ಲಿ. ಅಂದರೆ ಬಾಡಿಗೆ ಕಂಪ್ಯೂಟರಿನ ಅಂಗಡಿ, ನಮ್ಮ ಹಳೆಯ ಸೈಬರ್ ಕೆಫೆಯ ಅಣ್ಣ. ಟೀವಿಯಲ್ಲಿ ಕಾಣಿಸಿಕೊಂಡ ವೃತ್ತಿಪರನೂ ಸ್ಥಾನ ಕಳೆದುಕೊಂಡರೆ ಮತ್ತೆ ಆ ಅಂಗಡಿಯ ಕುರ್ಚಿಗೇ ಬರಬೇಕು. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2ರ ಮೊದಲ ಜಿಎಸ್ಎಲ್ ಟೂರ್ನಿ ಗೆದ್ದು 10 ಕೋಟಿ ವಾನ್ ಪಡೆದವನ ಆಟದ ಹೆಸರು ‘ಫ್ರೂಟ್‌ಡೀಲರ್’. ಮನೆಯವರ ಹಣ್ಣಿನ ವ್ಯಾಪಾರಕ್ಕೆ ಕೈ ಹಚ್ಚಿದವನು, ಅದನ್ನೇ ಹೆಸರಾಗಿ ಇಟ್ಟುಕೊಂಡ. ಶಹಾಪುರದ ಹುಡುಗನಿಗೆ ಇದನ್ನು ನಾನೇ ಹೇಳಿದ್ದು. “ಹಂಗಾದ್ರ ನಾ ‘ಝೆರಾಕ್ಸ್’ ಅಂತ ಇಟ್ಕೋತೀನ್ರಿ” ಎಂದ.

ನಮ್ಮ ದೇಶದಲ್ಲೂ ದೊಡ್ಡ ಊರಿನವರೇ ಗೆದ್ದಿದ್ದಾರೆ ಎಂದೇನಿಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಪಂದ್ಯವಾಗಿತ್ತು. ಹಾರ್ತ್‌ಸ್ಟೋನ್ ಎಂಬ ಎಲೆಯಾಟದ ಮಾದರಿಯ ತಂತ್ರದಾಟದಲ್ಲಿ ಕಂಚು ಗೆದ್ದ ತೀರ್ಥ ಮೆಹ್ತಾ ಕಚ್ಛಿನ ಭುಜ್‌ನವರು. 2022ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಕೂಟದಲ್ಲಿ ಭಾರತದ ಡೋಟಾ ತಂಡ ನ್ಯೂಜಿಲೆಂಡನ್ನು ಮಣಿಸಿ ಕಂಚು ತಂದಿತು.

ಸರದಿಯಲ್ಲಿ ನಿಂತ ಹಿರಿಯರೊಬ್ಬರು ಆ ದಿನ ಪರದೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ತಮ್ಮಾ, ಇದು ರೊಕ್ಕ ಹಚ್ಚಿ ಆಡೋದೇನು?” ಹುಡುಗ ಅಲ್ಲವೆಂದ. ಹಿರಿಯರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಅವರ ತಪ್ಪೂ ಅಲ್ಲ. ಮೊಬೈಲಿನಲ್ಲಿ ರಮ್ಮಿ ಆಡಿ ಮನೆ ಮುಳುಗಿಸಿದ ಸುದ್ದಿ ಓದಿದವರಿಗೆ ಪರದೆಯ ಮೇಲಿನ ಆಟವೆಲ್ಲ ಒಂದೇ. ಈ ಗೆರೆಯನ್ನು ಕಾನೂನು ಸ್ಪಷ್ಟವಾಗಿ ಎಳೆದದ್ದು 2025ರ ಆಗಸ್ಟಿನಲ್ಲಿ. ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಕ್ಕೆ ನಿಷೇಧ, ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ; ಇ-ಸ್ಪೋರ್ಟ್ಸ್‌ಗೆ ಮಾತ್ರ ಆಟೋಟದ ಮನ್ನಣೆ.

ಸುರಪುರದ ದಾರಿಯಲ್ಲಿ ಕೂತು ಕೆಳಗಿನ ಸಾಲಿನ ಬಗ್ಗೆ ಯೋಚಿಸುವಾಗ ಅದೇ ತಾಲ್ಲೂಕಿನ ವಾಗಿನಗೇರಾ ನೆನಪಾಗದೆ ಇರದು. 1705ರಲ್ಲಿ 86 ವರ್ಷದ ಔರಂಗಜೇಬ ತಾನೇ ಬಂದು ಆ ಕೋಟೆಗೆ ಮುತ್ತಿಗೆ ಹಾಕಿದ. ಅವನ ಕೊನೆಯ ದಂಡಯಾತ್ರೆ ಅದು. ಬೇಡರ ಪಿಡ್ಡ ನಾಯಕ ತಿಂಗಳುಗಟ್ಟಲೆ ಕಾದಾಡಿದ, ನಡುವೆ ಸಂಧಾನದ ಮಾತಾಡಿ ಹೊತ್ತು ಕಳೆದ, ಮರಾಠರನ್ನು ಕರೆಸಿಕೊಂಡ, ಇನ್ನು ಆಗದು ಎಂದಾಗ ರಾತ್ರೋರಾತ್ರಿ ಜಾಗ ಖಾಲಿ ಮಾಡಿದ. ಬಾದಶಹನಿಗೆ ಸಿಕ್ಕಿದ್ದು ಬರಿ ಗೋಡೆ. ಎರಡು ವರ್ಷದಲ್ಲಿ ಅವನು ತೀರಿಕೊಂಡ. ನಾಯಕರ ಸಂಸ್ಥಾನ 1858ರವರೆಗೆ ಬಾಳಿತು. ಹುಡುಗನ ಭಾಷೆಯಲ್ಲಿ ಹೇಳುವುದಾದರೆ ಪಿಡ್ಡ ನಾಯಕ ಮೇಲಿನ ಸಾಲಿನಿಂದ ಕೆಳಗೆ ಬಿದ್ದ, ಅಷ್ಟೇ.

2022ರ ಆ ಕೊನೆಯ ಅವಕಾಶದ ಸುತ್ತಿನಿಂದ ಒಳಗೆ ಬಂದದ್ದು ಸೀಕ್ರೆಟ್ ಮತ್ತು ಲಿಕ್ವಿಡ್ ತಂಡಗಳು. ಸೀಕ್ರೆಟ್‌ನ ನಾಯಕ ಪಪ್ಪಿ, 2011ರ ಮೊದಲ ಟೂರ್ನಿ ಗೆದ್ದ ತಂಡದಲ್ಲಿ ಇದ್ದವರು. ಹನ್ನೊಂದು ವರ್ಷದ ಮೇಲೆ, ಹಿಂಬಾಗಿಲ ಸರದಿಯಲ್ಲಿ ತಮಗಿಂತ ಎಷ್ಟೋ ಚಿಕ್ಕವರ ಜೊತೆ ನಿಂತು ಒಳಗೆ ಬಂದರು. ಆಮೇಲೆ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ಅಂಕದ ಮೇಲೆ ನೇರ ಬಂದ ದೊಡ್ಡದೊಡ್ಡ ತಂಡಗಳು ಉದುರುತ್ತ ಹೋದವು. ಲಿಕ್ವಿಡ್ ಮೂರನೆಯ ಸ್ಥಾನದವರೆಗೆ ಬಂತು. ಸೀಕ್ರೆಟ್ ಫೈನಲ್ ತಲುಪಿತು.

ಅಕ್ಟೋಬರ್ 30ರ ಭಾನುವಾರದ ಫೈನಲ್ ನಾನು ನೋಡಲಿಲ್ಲ. ಮರುದಿನ ಶಹಾಪುರಕ್ಕೆ ಹೋದಾಗ ರಾಜ್ಯೋತ್ಸವಕ್ಕೆಂದು ಅಂಗಡಿಗಳಿಗೆ ಹಳದಿ-ಕೆಂಪು ಪತಾಕೆ ಕಟ್ಟುತ್ತಿದ್ದರು. ಹುಡುಗನ ಗೋಡೆಗೆ ಅದೇ ಕಾಗದ ಅಂಟಿಸಿತ್ತು. ಸೀಕ್ರೆಟ್ ಹೆಸರಿನ ಕೆಳಗಿನ ಗೆರೆ ತುದಿಯವರೆಗೆ ಹೋಗಿ, ಕೊನೆಯ ಕವಲಿಗೆ ಸ್ವಲ್ಪ ಮೊದಲು ನಿಂತಿತ್ತು.

“3–0 ಸೋತ್ರು ಕಾಕಾ. ಟುಂಡ್ರಾ ಅನ್ನೋರು ಉಸಿರಾಡ್ಲಿಕ್ಕೂ ಬಿಡಲಿಲ್ಲ.”

ಪಕ್ಕದ ಸ್ಟೂಲಿನಲ್ಲಿ ಸುಸಲಾ ತಿನ್ನುತ್ತಿದ್ದ ರೈತರೊಬ್ಬರು ಕೇಳಿದರು: “ಸೋತವ್ರಿಗೆ ಏನ್ ಕೊಟ್ರು?”

“ಇಪ್ಪತ್ತು ಕೋಟಿ ರೂಪಾಯಿ ಹತ್ರ ಹತ್ರ ಆಗ್ತದ್ರಿ.”

ರೈತರು ತುತ್ತು ಕೈಯಲ್ಲೇ ಹಿಡಿದು ಗೋಡೆಯ ಕಾಗದವನ್ನು ಒಂದು ಸಲ ನೋಡಿದರು, ಹುಡುಗನನ್ನು ಒಂದು ಸಲ ನೋಡಿದರು. ಹುಡುಗ ಆಗಲೇ ಕೀಬೋರ್ಡ್ ಕಡೆ ತಿರುಗಿದ್ದ.

“ಸರ್ವರ್ ಬಂತು. ಲಗು ನಿಮ್ಮ ಸರ್ವೆ ನಂಬರ್ ಹೇಳ್ರಿ.”